ಮಗುವಿನ ಮೊದಲ ಆರು ವರ್ಷ ಯಾರ ಹೊಣೆ?

(ಇಳಕಲ್ಲಿನಲ್ಲಿ ಜರಗಿದ ಪಾಲಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ನಮ್ಮ ಸಮುದಾಯದಲ್ಲಿ ಶಿಕ್ಷಣದ ಚರ್ಚೆ ಸಾಮಾನ್ಯವಾಗಿ ಹತ್ತನೆಯ ತರಗತಿಯಿಂದ ಆರಂಭವಾಗುತ್ತದೆ. ಫಲಿತಾಂಶ, ವಿದ್ಯಾರ್ಥಿವೇತನ, ಕಾಲೇಜು, ನೌಕರಿ ಇವೇ ನಮ್ಮ ವಿಷಯಗಳು. ಅರ್ಧದಲ್ಲೇ ಶಾಲೆ ಬಿಟ್ಟವರ ಬಗ್ಗೆ ಮರುಗುತ್ತೇವೆ. ಆದರೆ ಅವರಲ್ಲಿ ಅನೇಕರು ಒಂದನೆಯ ತರಗತಿಯ ಹೊಸ್ತಿಲು ತುಳಿಯುವ ಮೊದಲೇ ಹಿಂದುಳಿದಿದ್ದರು ಎಂಬುದನ್ನು ಗಮನಿಸುವುದಿಲ್ಲ. ಮಿದುಳಿನ ಬೆಳವಣಿಗೆಯ ಶೇ. 85ಕ್ಕಿಂತ ಹೆಚ್ಚು ಭಾಗ ಆರು ವರ್ಷದೊಳಗೆ ನಡೆಯುತ್ತದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳುತ್ತದೆ. ಆ ಅವಧಿಯಲ್ಲಿ ಮಗುವಿಗೆ ಬೇಕಾದುದು ಸ್ಲೇಟು-ಬಳಪದ ಶಿಕ್ಷೆಯಲ್ಲ. ಹೊಟ್ಟೆ ತುಂಬ ಪೌಷ್ಟಿಕ ಆಹಾರ, ಸಕಾಲದಲ್ಲಿ ಲಸಿಕೆ, ಆಟ, ಕಥೆ, ಹಾಡು ಮತ್ತು ತನ್ನ ಮಾತನ್ನು ಆಲಿಸುವ ಹಿರಿಯರು.

ಇದು ನಮಗೆ ಹೊಸ ಪಾಠವಲ್ಲ. ಮಗುವಿನ ಅಳು ಕೇಳಿಸಿದಾಗ ಪ್ರವಾದಿ(ಸ)ರು ನಮಾಝನ್ನು ಸಂಕ್ಷಿಪ್ತಗೊಳಿಸುತ್ತಿದ್ದರು. ಮೊಮ್ಮಗಳು ಉಮಾಮಳನ್ನು ಎತ್ತಿಕೊಂಡೇ ನಮಾಝ್ ನಿರ್ವಹಿಸಿದ್ದರು. ಎದೆಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಬೈತುಲ್‌ಮಾಲ್‌ನಿಂದ ಭತ್ಯೆ ಸಿಗುತ್ತಿದ್ದ ಕಾಲದಲ್ಲಿ, ಆ ಭತ್ಯೆಗಾಗಿ ತಾಯಿಯೊಬ್ಬಳು ಅವಧಿಗೆ ಮುನ್ನವೇ ಮಗುವಿನ ಹಾಲು ಬಿಡಿಸುತ್ತಿದ್ದುದನ್ನು ಖಲೀಫಾ ಉಮರ್(ರ) ಕಂಡರೆಂದೂ, ಕೂಡಲೇ ನಿಯಮ ಬದಲಿಸಿ ಹುಟ್ಟಿದಂದಿನಿಂದಲೇ ಭತ್ಯೆ ನೀಡುವಂತೆ ಆಜ್ಞಾಪಿಸಿದರೆಂದೂ ಚರಿತ್ರೆ ತಿಳಿಸುತ್ತದೆ. ಶಿಶುವಿನ ಹೊಣೆ ತಾಯಿಗೆ ಮಾತ್ರ ಸೇರಿದ್ದಲ್ಲ, ಅದು ರಾಜ್ಯದ ಹೊಣೆಯೂ ಹೌದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಮಾದರಿ ಬೇಕೇ?

ನಮ್ಮ ದೇಶದಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಅವರು ಮಹಾರಾಷ್ಟ್ರದ ಕೋಸಬಾಡದಲ್ಲಿ ಆದಿವಾಸಿ ಮಕ್ಕಳ ಅಂಗಳಕ್ಕೇ ಬಾಲವಾಡಿಯನ್ನು ಒಯ್ದರು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಅದರ ಮೊದಲ ಹೆಜ್ಜೆ ತಿ. ನರಸೀಪುರದಲ್ಲಿ ಬಿತ್ತು. ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆಗಳ ಜೊತೆ ಶಾಲಾಪೂರ್ವ ಶಿಕ್ಷಣವೂ ಅದರ ಸೇವೆಗಳಲ್ಲೊಂದು. ಆದರೆ 2002ರ ಸಂವಿಧಾನ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದವರಿಗೆ ಮಾತ್ರ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿಸಿತು. ಆರರೊಳಗಿನವರ ಪಾಲಿಗೆ ಉಳಿದದ್ದು, ರಾಜ್ಯವು ಪ್ರಯತ್ನಿಸತಕ್ಕದ್ದು ಎಂಬ 45ನೆಯ ವಿಧಿಯ ನಿರ್ದೇಶನ ಮಾತ್ರ. ಹಕ್ಕಿಗೂ ಪ್ರಯತ್ನಕ್ಕೂ ಇರುವ ಅಂತರದಲ್ಲೇ ಬಡವರ ಮಕ್ಕಳು ಬೀಳುತ್ತಾರೆ. ಅಂಗನವಾಡಿ ಸೋದರಿಯರಿಗೆ ಗ್ರಾಚ್ಯುಟಿಯ ಹಕ್ಕಿದೆಯೆಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು.

ಈಗ ನಮ್ಮ ಜಿಲ್ಲೆಯನ್ನು ನೋಡೋಣ. ಇಳಕಲ್ಲಿನಲ್ಲೂ ಗುಳೇದಗುಡ್ಡದಲ್ಲೂ ಸೀರೆ, ಖಣ ನೇಯುವ ಮಗ್ಗದ ಮನೆಗಳಲ್ಲಿ ತಾಯಿ ಕಂಡಿಕೆ ಸುತ್ತುತ್ತಿರುವಾಗ ಮಗು ನೂಲಿನ ನಡುವೆಯೇ ತೆವಳುತ್ತದೆ. ಕಲ್ಲಿನ ಕ್ವಾರಿಗೆ ಹೋಗುವವರ ಮನೆಗಳಲ್ಲಿ ಕೂಸನ್ನು ನೋಡಿಕೊಳ್ಳುವವಳು ಎಂಟು-ಒಂಬತ್ತು ವರ್ಷದ ಅಕ್ಕ. ಅಂದರೆ ಒಂದು ಮಗುವಿಗೆ ಆರೈಕೆಯಿಲ್ಲ, ಇನ್ನೊಂದಕ್ಕೆ ಶಾಲೆಯಿಲ್ಲ. ಬಾದಾಮಿ, ಹುನಗುಂದ ಕಡೆಯಿಂದ ಗೋವಾ, ಮಂಗಳೂರು, ಉಡುಪಿಗಳಿಗೆ ಗುಳೆ ಹೋಗುವವರ ಕೂಸುಗಳು ಮರಳಿನ ರಾಶಿಯ ಮೇಲೆ ಬೆಳೆಯುತ್ತವೆ. ಐವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಟ್ಟಡ ಕಾಮಗಾರಿಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೊಠಡಿ ಇರಲೇಬೇಕೆಂದು 1996ರ ಕಾಯ್ದೆ ವಿಧಿಸಿತು. ಆದರೆ ನಲವತ್ತು ಮಹಿಳೆಯರಿರುವಲ್ಲಿ ಮಕ್ಕಳು ಮಕ್ಕಳಲ್ಲವೇ?

ಸರಕಾರವನ್ನು ಪ್ರಶ್ನಿಸುವ ನಾವು ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಕು. 2006ರಲ್ಲಿ ಪ್ರಕಟವಾದ ಪ್ರಧಾನಮಂತ್ರಿಯವರ ಹೊಸ 15 ಅಂಶಗಳ ಕಾರ್ಯಕ್ರಮದ ಮೊದಲ ಅಂಶವೇ ಅಲ್ಪಸಂಖ್ಯಾತರಿಗೆ ಶಿಶು ಅಭಿವೃದ್ಧಿ ಸೇವೆಗಳಲ್ಲಿ ನ್ಯಾಯಯುತ ಪಾಲು ಎಂಬುದಾಗಿತ್ತು. ನಮ್ಮಲ್ಲಿ ಎಷ್ಟು ಮಂದಿ ಅದನ್ನು ಓದಿ, ನಮ್ಮ ಮೊಹಲ್ಲಾಕ್ಕೆ ಅಂಗನವಾಡಿ ಕೇಳಿದೆವು? ಕೆಲವರಿಗೆ ಅಂಗನವಾಡಿಯೆಂದರೆ ಹಿಟ್ಟು-ಮೊಟ್ಟೆ ಕೊಡುವ ಜಾಗ ಮಾತ್ರ. ಇನ್ನು ಕೆಲವರು ಸಾಲ ಮಾಡಿ, ಮೂರು ವರ್ಷದ ಮಗುವಿನ ಕೈಯಲ್ಲಿ ಎಬಿಸಿಡಿ ತಿದ್ದಿಸುವ ಕಾನ್ವೆಂಟಿಗೆ ಸೇರಿಸುತ್ತಾರೆ. ಮಗುವನ್ನು ಆಟದಿಂದ ತಡೆದು ಸದಾ ಕಲಿಕೆಯಲ್ಲೇ ದಣಿಸಿದರೆ ಅದರ ಮನಸ್ಸು ಸತ್ತುಹೋಗುತ್ತದೆಂದು ಇಮಾಮ್ ಗಝ್ಝಾಲಿಯವರು ಎಚ್ಚರಿಸಿದ್ದರು. ಈ ಮಾತು ಕಾನ್ವೆಂಟಿಗೂ ನಮ್ಮ ಮದ್ರಸಗಳಿಗೂ ಸಮಾನವಾಗಿ ಅನ್ವಯಿಸುತ್ತದೆ.

ಭಾಷೆಯ ತೊಡಕೂ ಇದೆ. ಮನೆಯಲ್ಲಿ ದಖ್ಖನಿ, ಅಂಗನವಾಡಿಯಲ್ಲಿ ಕನ್ನಡ. ಮನೆಮಾತನ್ನು ಕೀಳೆನ್ನದೆ, ಅದರ ಕೈಹಿಡಿದೇ ಕನ್ನಡಕ್ಕೆ ಕರೆದೊಯ್ಯುವ ಕಾರ್ಯಕರ್ತೆ ದೊರೆತರೆ ಮಗು ಎರಡನ್ನೂ ಕಲಿಯುತ್ತದೆ. ಅದಕ್ಕಾಗಿ ನಮ್ಮ ವಿದ್ಯಾವಂತ ಹೆಣ್ಣುಮಕ್ಕಳು ಆ ಹುದ್ದೆಗಳಿಗೆ ಅರ್ಜಿ ಹಾಕಲಿ, ಮನೆಯವರು ಅಡ್ಡಿಯಾಗದಿರಲಿ.

ಕೊನೆಯದಾಗಿ ಕೆಲವು ವಿನಂತಿಗಳು. ಬಾಲವಿಕಾಸ ಸಮಿತಿಯ ಸಭೆಗಳಿಗೆ ತಾಯಂದಿರು ಹೋಗಲಿ. ಅಂಗನವಾಡಿಗೆ ಸ್ವಂತ ಕಟ್ಟಡವಿಲ್ಲದಲ್ಲಿ, ವಾರವಿಡೀ ಬೀಗ ಹಾಕಿರುವ ನಮ್ಮ ಶಾದಿಮಹಲಿನ ಒಂದು ಕೋಣೆಯನ್ನು ಎಲ್ಲ ಸಮುದಾಯಗಳ ಮಕ್ಕಳಿಗಾಗಿ ತೆರೆಯಲಿ. ಖತೀಬರು ವರ್ಷಕ್ಕೊಂದು ಜುಮಾ ಭಾಷಣವನ್ನಾದರೂ ಈ ವಿಷಯಕ್ಕೆ ಮೀಸಲಿಡಲಿ. ತಂದೆಯಂದಿರು ದಿನಕ್ಕೆ ಅರ್ಧ ಗಂಟೆ ಮೊಬೈಲ್ ಬದಿಗಿಟ್ಟು ಮಗುವಿಗೊಂದು ಕಥೆ ಹೇಳಲಿ.

ಇಳಕಲ್ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುವುದನ್ನು ನೀವೆಲ್ಲ ಬಲ್ಲಿರಿ. ಕೊಂಡಿ ಸಡಿಲವಾದರೆ ಎಷ್ಟು ಅಂದದ ಸೆರಗಾದರೂ ನಿಲ್ಲದು. ಮನೆಯನ್ನೂ ಶಾಲೆಯನ್ನೂ ಜೋಡಿಸುವ ಕೊಂಡಿ ಈ ಆರು ವರ್ಷಗಳು. ಅದನ್ನು ಬಿಗಿಯಾಗಿ ಹಾಕುವ ವಿವೇಕವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ.