ಹಳೆಯ ಗಣಕ, ಇಂದಿನ ದುಡಿಮೆ



ಲಾರಿ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹೋದಾಗ ಕರಕರ ಸದ್ದು ಮಾಡುವ ಡಾಟ್ ಮ್ಯಾಟ್ರಿಕ್ಸ್ ಮುದ್ರಕವನ್ನು ನೀವು ನೋಡಿರಬಹುದು. ಅದರ ಸೂಜಿಗಳು ರಿಬ್ಬನ್ನಿನ ಮೇಲೆ ಬಡಿಯುವುದರಿಂದ ಕಾರ್ಬನ್ ಹಾಳೆಯ ಕೆಳಗಿನ ಪ್ರತಿಗಳೂ ಒಟ್ಟಿಗೇ ಮೂಡುತ್ತವೆ. ಬಡಿಯದ ಲೇಸರ್ ಮುದ್ರಕಕ್ಕೆ ಇದು ಸಾಧ್ಯವಿಲ್ಲ. ಹಳೆಯದು ಉಳಿದಿರುವುದಕ್ಕೆ ಹೀಗೆ ಕಾರಣವಿರುತ್ತದೆ.

ಪೋಲೆಂಡಿನ ಗ್ದಾನ್ಸ್ಕ್ ನಗರದ ಒಂದು ಗ್ಯಾರೇಜು 2016ರಲ್ಲಿ ಸುದ್ದಿಯಾಯಿತು. ಅಲ್ಲಿ ಕಾಮೊಡೋರ್ 64 ಎಂಬ ಗಣಕ ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ದುಡಿದಿತ್ತು. 1982ರಲ್ಲಿ ಮಾರುಕಟ್ಟೆಗೆ ಬಂದ ಈ ಮಾದರಿಯ ಸ್ಮೃತಿ ಬರೀ 64 ಕಿಲೋಬೈಟ್. ನಿಮ್ಮ ಮೊಬೈಲಿನ ಒಂದು ಫೋಟೋಗೂ ಸಾಲದು. ಎಂಜಿನ್ನಿನ ಶಕ್ತಿಯನ್ನು ಚಕ್ರಗಳತ್ತ ಒಯ್ಯುವ ಡ್ರೈವ್ ಶಾಫ್ಟ್ ಓಲಾಡದೆ ತಿರುಗುವಂತೆ ಲೆಕ್ಕ ಹಾಕಿಕೊಡುವುದು ಅದರ ಕೆಲಸ. ಶಾಫ್ಟ್ ತಿರುಗುವ ನಿಯಮ ಬದಲಾಗಿಲ್ಲವಲ್ಲ, ಲೆಕ್ಕವೇಕೆ ಬದಲಾಗಬೇಕು? ಒಮ್ಮೆ ನೆರೆನೀರು ನುಗ್ಗಿದಾಗಲೂ ಅದು ಉಳಿದುಕೊಂಡಿತಂತೆ!

ಇದಕ್ಕಿಂತ ವಿಚಿತ್ರವಾದದ್ದು ಅಮೆರಿಕದಲ್ಲಿತ್ತು. ಟೆಕ್ಸಾಸ್ ರಾಜ್ಯದ ಕಾನ್ರೋ ಊರಿನ ಸ್ಪಾರ್ಕ್ಲರ್ ಫಿಲ್ಟರ್ಸ್ ಎಂಬ ಕಂಪನಿ 2012ರಲ್ಲಿಯೂ ಸಂಬಳ, ಮಾರಾಟ, ದಾಸ್ತಾನುಗಳ ಲೆಕ್ಕವನ್ನು ಐಬಿಎಂ 402ರಲ್ಲೇ ಮಾಡುತ್ತಿತ್ತು. 1948ರಲ್ಲಿ ಬಂದ ಇದನ್ನು ಗಣಕ ಎನ್ನುವುದಕ್ಕಿಂತ ಲೆಕ್ಕದ ಯಂತ್ರ ಎನ್ನುವುದೇ ಸರಿ. ಪರದೆ ಇಲ್ಲ. ಅಂಕಿಗಳನ್ನು ರಟ್ಟಿನ ಕಾರ್ಡುಗಳಲ್ಲಿ ತೂತು ಮಾಡಿ ಉಣಿಸಬೇಕು. ಒಂದು ಕಾರ್ಡಿನಲ್ಲಿ 80 ಅಕ್ಷರ. ಪ್ರೋಗ್ರಾಂ ಎಲ್ಲಿ ಎನ್ನುವಿರಾ? ಹಲಗೆಯೊಂದರ ರಂಧ್ರಗಳಿಗೆ ಸಿಕ್ಕಿಸಿದ ತಂತಿಗಳೇ ಪ್ರೋಗ್ರಾಂ. ಕೆಲಸ ಬದಲಾದರೆ ಹಲಗೆಯನ್ನೇ ಬದಲಿಸಬೇಕು.

ಇದನ್ನು ಜಿಪುಣತನ ಎಂದು ನಗುವುದು ನನಗೆ ಸರಿಕಾಣದು. ಸಣ್ಣ ಉದ್ಯಮಿಗೆ ಹೊಸ ಗಣಕದ ಬೆಲೆಗಿಂತ ಹಳೆಯ ಲೆಕ್ಕವನ್ನು ಅದಕ್ಕೆ ಸಾಗಿಸುವುದು, ಕೆಲಸಗಾರರಿಗೆ ಮತ್ತೆ ಕಲಿಸುವುದು, ಅಷ್ಟು ದಿನ ವ್ಯವಹಾರ ಕುಂಟುವುದು ಹೆಚ್ಚು ಭಾರ.

ಆದರೆ ಅಪಾಯವೂ ಸಣ್ಣದಲ್ಲ. ಸೋನಿ ಕಂಪನಿ ಜಪಾನಿನಲ್ಲಿ ಫ್ಲಾಪಿ ಮಾರಾಟವನ್ನು 2011ರಲ್ಲಿ ನಿಲ್ಲಿಸಿತು. ಇರುವ ಫ್ಲಾಪಿಗಳ ಕಾಂತೀಯ ಗುರುತುಗಳೂ ವರ್ಷ ಕಳೆದಂತೆ ಮಾಸುತ್ತವೆ. ಯಂತ್ರದ ಮರ್ಮ ಬಲ್ಲವರು ಒಬ್ಬರೇ ಇದ್ದು, ಅವರು ನಿವೃತ್ತರಾದರೆ, ಕೆಡದ ಯಂತ್ರವೂ ಮೂಗನಂತಾಗುತ್ತದೆ. ಗಣಕ ವಿಜ್ಞಾನ ಓದುತ್ತಿರುವವರು ನೆನಪಿಡಿ: ಇಂತಹ ಅಂಗಡಿಯವರು ನಿಮ್ಮನ್ನು ಕರೆದರೆ, ಹೊಸ ಗಣಕದ ಮಾತೆತ್ತುವ ಮೊದಲು ಫ್ಲಾಪಿಗಳಿಗೆ ಪ್ರತಿ ತೆಗೆದುಕೊಡಿ. ಆಮೇಲೆ ಆ ಹಿರಿಯ ಕೆಲಸಗಾರರ ಪಕ್ಕ ಕುಳಿತು, ಅವರು ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.