ಗಂಜಿ ಕೇಂದ್ರದಲ್ಲಿ ಮಕ್ಕಳ ಜೋಪಾನ



ಊರಿಗೆ ನೆರೆ ಬಂದರೆ ಎಲ್ಲಿಗೆ ಹೋಗ್ತೀವಿ? ಶಾಲೆಗೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಉಕ್ಕಿದವು. ಸಾವಿರಾರು ಸಂಸಾರಗಳು ಗಂಜಿ ಕೇಂದ್ರ ಸೇರಿದವು. ಇಂಥ ಕಡೆ ಊರಿನವರು ಇರ್ತಾರೆ. ದುಡಿಯೋಕೆ ವಲಸೆ ಬಂದವರೂ ಇರ್ತಾರೆ. ಒಂದೇ ಕೋಣೆಯಲ್ಲಿ ಹತ್ತಾರು ಮಕ್ಕಳು ಮಲಗುತ್ತಾರೆ. ನೀರಿನಿಂದ ಉಳಿದ ಮಗು ರೋಗದ ಪಾಲಾಗಬಾರದು.

1971ರಲ್ಲಿ ಪೂರ್ವ ಬಂಗಾಳದಿಂದ ಲಕ್ಷಾಂತರ ಜನ ನಮ್ಮ ದೇಶಕ್ಕೆ ಓಡಿ ಬಂದರು. ಬನಗಾಂವ್ ಎಂಬಲ್ಲಿ ಅವರಿಗೆ ಕಾಲರಾ ತಗುಲಿತು. 100 ರೋಗಿಗಳಲ್ಲಿ 20ರಿಂದ 30 ಜನ ಸಾಯುತ್ತಿದ್ದರು. ಸಲೈನ್ ಬಾಟಲಿ ಸಾಲಲಿಲ್ಲ. ಡಾಕ್ಟರ್ ದಿಲೀಪ್ ಮಹಾಲನಬಿಸ್ ಗ್ಲೂಕೋಸ್, ಉಪ್ಪು, ಸೋಡಾ ಬೆರೆಸಿದ ನೀರು ಕುಡಿಸಿದರು. ತಾಯಂದಿರೇ ಮಕ್ಕಳಿಗೆ ಕುಡಿಸಿದರು. ಸಾವು 100ಕ್ಕೆ 4ಕ್ಕಿಂತ ಕಡಿಮೆಯಾಯಿತು. ಇವತ್ತಿನ ಓ.ಆರ್.ಎಸ್. ಪೊಟ್ಟಣ ಅದೇ ಬಗೆಯದು.

ಈ ನೀರು ಜೀವ ಉಳಿಸುತ್ತದೆ. ಆದರೆ ರೋಗ ಹರಡೋದನ್ನು ತಡೆಯೋದಿಲ್ಲ. ಅದಕ್ಕೆ ಏನು ಮಾಡಬೇಕು? ಕುದಿಸಿ ಆರಿಸಿದ ನೀರು ಕುಡಿಯಿರಿ. ಕೊಡಕ್ಕೆ ಕೈ ಅದ್ದಬೇಡಿ, ಹಿಡಿ ಇರುವ ಸೌಟು ಬಳಸಿ. ಮಕ್ಕಳ ಹೇಲನ್ನೂ ಪಾಯಖಾನೆಗೇ ಹಾಕಿ. ಆಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಉಣ್ಣುವ ಮೊದಲೂ ತೊಳೆಯಿರಿ.

ಇನ್ನೊಂದು ರೋಗ ದಡಾರ. ಇದು ಗಾಳಿಯಲ್ಲಿ ಹರಡುತ್ತದೆ. ಲಸಿಕೆ ಇಲ್ಲದ 10 ಮಕ್ಕಳು ರೋಗಿಯ ಹತ್ತಿರ ಇದ್ದರೆ 9 ಮಕ್ಕಳಿಗೆ ಅಂಟಬಹುದು. ಮೈಮೇಲೆ ಗುಳ್ಳೆ ಏಳುವ 4 ದಿನ ಮೊದಲು ಹರಡಲು ಶುರು, ಎದ್ದ ಮೇಲೂ 4 ದಿನ. ಜ್ವರ, ಕೆಮ್ಮು, ಕೆಂಪು ಕಣ್ಣು ಕಂಡ ಕೂಡಲೇ ಆಶಾ ಕಾರ್ಯಕರ್ತೆಗೆ ಹೇಳಿ. "ಅಮ್ಮ ಬಂದಿದ್ದಾಳೆ" ಅಂತ ಮುಚ್ಚಿಡಬೇಡಿ. ಮಗುವನ್ನು ತಾಯಿ ಜೊತೆ ಬೇರೆ ಕೋಣೆಯಲ್ಲಿ ಇಡಿ. ಕಿಟಕಿ ತೆಗೆದಿಡಿ. ಊಟ, ಮೊಲೆಹಾಲು ನಿಲ್ಲಿಸಬೇಡಿ.

ಲಸಿಕೆ ಒಂದು 9 ತಿಂಗಳು ತುಂಬಿದಾಗ, ಎರಡನೆಯದು 16ರಿಂದ 24 ತಿಂಗಳೊಳಗೆ. ತಾಯಿ ಕಾರ್ಡು ನೀರಲ್ಲಿ ಹೋಯಿತಾ? ಹೆದರಬೇಡಿ. ಇನ್ನೊಂದು ಸಲ ಹಾಕಿಸಿದರೂ ಕೆಡುಕಿಲ್ಲ.

"ಪರವೂರಿನವರಿಂದ ರೋಗ ಬಂತು, ಹೊರಗೆ ಹಾಕಿ" ಅಂತ ಕೆಲವರು ಅಂತಾರೆ. ಇದು ತಪ್ಪು. ರೋಗ ಯಾರ ಊರನ್ನೂ ಕೇಳೋದಿಲ್ಲ. ಹೊರಗೆ ಹಾಕುತ್ತಾರೆಂಬ ಭಯ ಇದ್ದರೆ ತಾಯಿ ಕಾಯಿಲೆ ಬಚ್ಚಿಡುತ್ತಾಳೆ. ಬಚ್ಚಿಟ್ಟ ಕಾಯಿಲೆ ನಮ್ಮ ಮಗುವಿಗೂ ಬರುತ್ತದೆ. ಅವರ ಮಗುವಿಗೆ ಲಸಿಕೆ ಹಾಕಿಸಿದರೆ ನಮ್ಮ ಮಗುವಿಗೂ ಕಾವಲು.

ನೀವೀಗ ಅಕ್ಷರ ಬಲ್ಲಿರಿ. ಓ.ಆರ್.ಎಸ್. ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಬರೆದಿರುತ್ತದೆ. ಓದಿ, ಅಷ್ಟೇ ನೀರಿಗೆ ಬೆರೆಸಿ. ಓದಲು ಬಾರದ ಪಕ್ಕದ ತಾಯಿಗೂ ಓದಿ ಹೇಳಿ.