ಒಟ್ಟಿಗೆ ಹೊರಟರೆ ಸಾಲದು, ಒಂದೇ ತಾಳಕ್ಕೆ ನಡೆಯಬೇಕು

ಪುಣೆ, ಚೆನ್ನೈ, ಹೈದರಾಬಾದ್ ಕಡೆ ಟೆಸ್ಟಿಂಗ್ ಲ್ಯಾಬ್‌ಗಳಲ್ಲಿ ಕೆಲಸ ಮಾಡೋ ಕನ್ನಡದವರಿಗೆ ಪರಿಚಯ ಇರುವ ತೊಂದರೆ ಇದು. ಡ್ಯಾಕ್ ಕಾರ್ಡಿನಿಂದ ಅನಲಾಗ್ ಔಟ್‌ಪುಟ್ ಕೊಡ್ತೀವಿ. ಶುರುವಿನಲ್ಲಿ ಎಲ್ಲ ಸರಿಯಾಗಿರುತ್ತೆ, ಹೊತ್ತು ಕಳೆದಂತೆ ಅಲೆ ನಿಧಾನಕ್ಕೆ ಹಿಂದಕ್ಕೋ ಮುಂದಕ್ಕೋ ಸರಿಯುತ್ತೆ. ಯಾಕೆ, ಮತ್ತೆ ಸರಿ ಮಾಡೋದು ಹೇಗೆ ಅನ್ನೋದು ಇವತ್ತಿನ ಮಾತು.

ಇದರಿಂದ ಆಗೋ ನಷ್ಟ ಮೊದಲು ನೋಡೋಣ. ಎಂಜಿನ್ ಕೆಳಗೆ ಕೂರಿಸುವ ರಬ್ಬರ್ ಮೌಂಟನ್ನು 20 ಹರ್ಟ್ಸ್‌ನಲ್ಲಿ ಅಲುಗಿಸ್ತೀವಿ. ನಾವು ಕಳಿಸಿದ ಅಲೆಗೂ ಲೋಡ್ ಸೆಲ್‌ನಿಂದ ಬಂದ ಅಲೆಗೂ ನಡುವಿನ ಫೇಸ್ ಕೋನದಿಂದ, ಯಂತ್ರದ ವಿಳಂಬ ಕಳೆದು, ರಬ್ಬರ್ ಎಷ್ಟು ಕಂಪನ ನುಂಗುತ್ತೆ ಅಂತ ಲೆಕ್ಕ ಹಾಕ್ತೀವಿ. ಆ ಕೋನ 6 ಡಿಗ್ರಿ ಅಂದುಕೊಳ್ಳಿ. ಕಾಲದಲ್ಲಿ ಅದು ಸುಮಾರು 0.83 ಮಿಲಿಸೆಕೆಂಡ್. ಕಳಿಸುವ ಕಾರ್ಡಿಗೂ ಓದುವ ಕಾರ್ಡಿಗೂ 50 ಪಿಪಿಎಂ, ಅಂದ್ರೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೆ, ಸುಮಾರು 17 ಸೆಕೆಂಡಿನಲ್ಲಿ ಅಷ್ಟೇ ದೊಡ್ಡ ತಪ್ಪು ಸೇರಿಕೊಳ್ಳುತ್ತೆ. ಒಳ್ಳೆ ಮಾಲು ರಿಜೆಕ್ಟ್ ಆಗುತ್ತೆ, ಇಲ್ಲಾ ಕೆಟ್ಟದ್ದು ಪಾಸಾಗಿ ಗಾಡಿಗೆ ಹೋಗುತ್ತೆ.

ಕೇಳಿದರೆ ತಕ್ಷಣ ಬರೋ ಉತ್ತರ, "ಎರಡಕ್ಕೂ ಒಂದೇ ಟ್ರಿಗರ್ ಕೊಟ್ಟಿದ್ದೀವಲ್ಲ ಸಾರ್!" ಟ್ರಿಗರ್ ಹೇಳೋದು ಯಾವಾಗ ಹೊರಡಬೇಕು ಅಂತ ಮಾತ್ರ. ಇಬ್ಬರು ಒಟ್ಟಿಗೆ ತಾಳ ಶುರು ಮಾಡಿ, ಆಮೇಲೆ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳದೆ ಹಾಕ್ತಾ ಹೋದರೆ ಏನಾಗುತ್ತೆ? ಕಾರ್ಡುಗಳೂ ಹಾಗೇ. ಪ್ರತಿಯೊಂದರಲ್ಲೂ ಬೇರೆ ಕ್ರಿಸ್ಟಲ್, ಅದರದೇ ಓಟ. ಬಿಸಿ ಏರಿದರೆ ಆ ಓಟವೂ ಬದಲಾಗುತ್ತೆ.

ಹಾಗಂತ ಎಲ್ಲ ಡ್ರಿಫ್ಟೂ ಕ್ರಿಸ್ಟಲ್‌ನದ್ದಲ್ಲ. ಔಟ್‌ಪುಟ್ಟಿನಿಂದ ಇನ್‌ಪುಟ್ಟಿಗೆ ಒಂದು ವೈರ್ ಹಾಕಿ, ತಪ್ಪು ಹೊತ್ತಿನ ಜೊತೆ ಹೇಗೆ ಬೆಳೆಯುತ್ತೆ ಅಂತ ಗ್ರಾಫ್ ಹಾಕಿ. ಅದರ ಆಕಾರವೇ ಕಾರಣ ಹೇಳುತ್ತೆ.

ನೇರ ಗೆರೆ ಬಂದರೆ ಎರಡು ಕ್ಲಾಕ್‌ಗಳ ವೇಗ ಬೇರೆ. ಇಲ್ಲೇ ಇನ್ನೊಂದು ಕಳ್ಳ ಅಡಗಿರ್ತಾನೆ. ಕಾರ್ಡಿನ 100 ಮೆಗಾಹರ್ಟ್ಸ್ ಕ್ಲಾಕನ್ನು ಪೂರ್ಣ ಸಂಖ್ಯೆಯಿಂದ ಭಾಗಿಸಿಯೇ ಸ್ಯಾಂಪಲ್ ದರ ಸಿಗೋದು. ನೀವು 44,100 ಕೇಳಿದರೆ 2268ರಿಂದ ಭಾಗಿಸಿ 44,091.7 ಕೊಡಬಹುದು. ಅದೇ 188 ಪಿಪಿಎಂ ವ್ಯತ್ಯಾಸ, ಗಂಟೆಗೆ ಸುಮಾರು 0.68 ಸೆಕೆಂಡ್. 50,000 ಕೇಳಿದರೆ ಭಾಗಾಕಾರ ಸರಿಯಾಗಿ 2000. ಆದ್ದರಿಂದ ಕೇಳಿದ ದರ ನಂಬಬೇಡಿ. ಡ್ರೈವರ್ ನಿಜವಾಗಿ ಇಟ್ಟ ದರವನ್ನು ವಾಪಸ್ ಓದಿ, ಅದನ್ನೇ ಲೆಕ್ಕಕ್ಕೆ ಬಳಸಿ.

ಗೆರೆ ಚೆಲ್ಲಾಪಿಲ್ಲಿಯಾಗಿ ಏರುತ್ತಿದ್ದರೆ ಸಾಫ್ಟ್‌ವೇರ್ ಲೂಪೇ ಕಾರಣ. ಒಂದೊಂದು ಪಾಯಿಂಟ್ ಬರೆದು, 1 ಮಿಲಿಸೆಕೆಂಡ್ ಕಾದು, ಮತ್ತೆ ಬರೆಯೋ ಪದ್ಧತಿ ಅದು. ಬರೆಯೋಕೆ ಹಿಡಿದ ಸಮಯ ಪ್ರತಿ ಸುತ್ತಿಗೂ ಸೇರ್ತಾ ಹೋಗುತ್ತೆ. ಸಾಮಾನ್ಯ ವಿಂಡೋಸ್‌ನ ಟೈಮರ್ ಬಡಿತವೇ ಸುಮಾರು 15.6 ಮಿಲಿಸೆಕೆಂಡ್. ಲೂಪನ್ನು ತಿದ್ದೋದಕ್ಕಿಂತ ಅದನ್ನು ಬಿಡೋದೇ ಮೇಲು. ಅಲೆಯನ್ನು ಬಫರಿಗೆ ತುಂಬಿ, ಹಾರ್ಡ್‌ವೇರ್ ಕ್ಲಾಕ್ ಹೊರಗೆ ಕಳಿಸಲಿ.

ಒಂದೇ ಅಂತರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಜಿಗಿದರೆ ಬಫರ್ ಉದ್ದ ನೋಡಿ. ಸೆಕೆಂಡಿಗೆ 10,000 ಸ್ಯಾಂಪಲ್, ಬಫರಿನಲ್ಲಿ 1000 ಇದ್ದರೆ 50 ಹರ್ಟ್ಸ್‌ನ 5 ಸುತ್ತು ಸರಿಯಾಗಿ ಕೂರುತ್ತೆ. 52 ಹರ್ಟ್ಸ್ ಆದರೆ 5.2 ಸುತ್ತು. ಅದನ್ನೇ ಮತ್ತೆ ಮತ್ತೆ ಓಡಿಸಿದರೆ ಪ್ರತಿ ಜೋಡಣೆಯಲ್ಲೂ ಅಲೆ ಮುರಿಯುತ್ತೆ. 5000 ಸ್ಯಾಂಪಲ್ ತುಂಬಿ, 26 ಸುತ್ತು ಪೂರ್ತಿ ಕೂರುತ್ತೆ.

ಇನ್ನು ಕ್ಲಾಕ್‌ನ ಮದ್ದು. ಒಂದೇ ಕಾರ್ಡಿನಲ್ಲಿ ಎರಡೂ ಇದ್ದರೆ, ಔಟ್‌ಪುಟ್ಟಿನ ಸ್ಯಾಂಪಲ್ ಕ್ಲಾಕ್ ಆಗಿ ಇನ್‌ಪುಟ್ಟಿನ ಸ್ಯಾಂಪಲ್ ಕ್ಲಾಕನ್ನೇ ಆರಿಸಿ. ಮೊದಲು ಔಟ್‌ಪುಟ್ ಸ್ಟಾರ್ಟ್ ಮಾಡಿ, ಅದು ಕಾಯುತ್ತಾ ನಿಲ್ಲುತ್ತೆ. ಆಮೇಲೆ ಇನ್‌ಪುಟ್. ಉಲ್ಟಾ ಮಾಡಿದರೆ ಮೊದಲ ಕೆಲವು ಬಡಿತ ತಪ್ಪಿಹೋಗುತ್ತೆ. ಎರಡು ಪಿಸಿಐ ಕಾರ್ಡಾದರೆ ಆರ್‌ಟಿಎಸ್‌ಐ ಕೇಬಲ್, ಪಿಎಕ್ಸ್‌ಐ ಪೆಟ್ಟಿಗೆಯಾದರೆ ಹಿಂಬದಿಯ 10 ಮೆಗಾಹರ್ಟ್ಸ್ ಕ್ಲಾಕ್ ಹಂಚಿಕೊಳ್ಳಿ. ಯುಎಸ್‌ಬಿ ಸಾಧನಗಳಲ್ಲಿ ಸೌಲಭ್ಯ ಇದ್ದರೆ, ಒಂದರ ಸ್ಯಾಂಪಲ್ ಕ್ಲಾಕನ್ನು ಹೊರಗೆ ತಂದು ಇನ್ನೊಂದರ ಪಿಎಫ್‌ಐ ಪಿನ್ನಿಗೆ ಕೊಡಿ. ಗ್ರೌಂಡ್ ವೈರ್ ಜೋಡಿಸೋದು ಮರೀಬೇಡಿ.

ಇದ್ಯಾವುದೂ ಆಗದಿದ್ದರೆ? ಕಳಿಸಿದ ಅಲೆಯನ್ನೂ ಒಂದು ಇನ್‌ಪುಟ್ ಚಾನೆಲ್‌ನಲ್ಲಿ ಓದಿ, ಲೋಡ್ ಸೆಲ್ ಇರುವ ಕಾರ್ಡಿನಲ್ಲೇ. ಔಟ್‌ಪುಟ್ ಸರಿದರೂ ಎರಡು ಅಲೆಗಳನ್ನೂ ಅಳೆಯೋದು ಒಂದೇ ಕ್ಲಾಕ್, ಕೋನ ಕೆಡೋದಿಲ್ಲ. ಒಂದು ವೈರ್, ಒಂದು ಚಾನೆಲ್, ಅಷ್ಟೇ ಖರ್ಚು.

ಪ್ರತಿ ಹತ್ತು ಸೆಕೆಂಡಿಗೊಮ್ಮೆ ಕೋಡ್‌ನಲ್ಲಿ ಒಂದಿಷ್ಟು ಸೇರಿಸಿ ಕಳೆದು ಸರಿತೂಗಿಸೋ ಅಭ್ಯಾಸ ಮಾತ್ರ ಬೇಡ. ಬೆಳಿಗ್ಗೆ ಹೊಂದಿಸಿದ ಸಂಖ್ಯೆ ಮಧ್ಯಾಹ್ನದ ಬಿಸಿಗೆ ಸುಳ್ಳಾಗುತ್ತೆ. ಸರಿ ಮಾಡಿದ ಮೇಲೆ ನಿಮ್ಮ ಅತಿ ಉದ್ದದ ಟೆಸ್ಟ್ ಎಷ್ಟು ಹೊತ್ತೋ ಅಷ್ಟೂ ಹೊತ್ತು ಲೂಪ್‌ಬ್ಯಾಕ್ ಓಡಿಸಿ ನೋಡಿ. ಗ್ರಾಫ್ ಮಟ್ಟಸವಾಗಿ ಮಲಗಿದ್ದರೆ ರಿಪೋರ್ಟಿಗೆ ಸಹಿ ಹಾಕಿ.